ಎಲೆ ತುದಿಯ ಸಿಹಿ

ರಾತ್ರಿ ಒಂಬತ್ತೂವರೆ. ಊಟ ಮುಗಿದಿದೆ. ಪಾತ್ರೆ ತೊಳೆದು ಕವುಚಿ, ಒಲೆಕಟ್ಟೆ ಒರೆಸಿ ಆಗಿದೆ. ಹೊಟ್ಟೆ ತುಂಬಿರುವುದು ನನಗೆ ಚೆನ್ನಾಗಿ ಗೊತ್ತು. ಆದರೂ ಕೈ ತಾನಾಗಿ ಮೇಲಿನ ಗೂಡಿನ ಸ್ಟೀಲ್ ಡಬ್ಬಿಯತ್ತ ಹೋಗುತ್ತದೆ. ಅದರಲ್ಲಿ ನೆಂಟರು ತಂದ ಮೈಸೂರು ಪಾಕ್ ಇರಬಹುದು, ಕೊಬ್ಬರಿ ಮಿಠಾಯಿ ಇರಬಹುದು. ಎರಡೂ ಇಲ್ಲದ ದಿನ ಪಕ್ಕದ ಡಬ್ಬಿಯಲ್ಲಿ ಅಚ್ಚುಬೆಲ್ಲವಂತೂ ಇದ್ದೇ ಇರುತ್ತದೆ. ಹಗಲೆಲ್ಲ ತುತ್ತು ತುತ್ತನ್ನೂ ಎಣಿಸಿ ಉಂಡವಳು ನಾನು. ಆ ಎಣಿಕೆಯೆಲ್ಲ ಅಡುಗೆಮನೆಯ ದೀಪ ಆರಿಸುವ ಮುಂಚಿನ ಐದು ನಿಮಿಷದಲ್ಲಿ ಕರಗಿಹೋಗುತ್ತಿತ್ತು.

ಎರಡು ವರ್ಷದ ಹಿಂದೆ ಮಂಡಿನೋವೆಂದು ಡಾಕ್ಟರ ಬಳಿ ಹೋದಾಗ ತಕ್ಕಡಿ 74 ಕಿಲೋ ತೋರಿಸಿತು. ನನ್ನ ಎತ್ತರ 156 ಸೆಂ.ಮೀ. ಬಿಎಂಐ ಲೆಕ್ಕದಲ್ಲಿ 30 ದಾಟಿತ್ತು. ನಮ್ಮ ದೇಶದವರಿಗೆ 23ರಿಂದಲೇ ಹೆಚ್ಚು ತೂಕ, 25ರಿಂದ ಬೊಜ್ಜು ಎಂದು ಡಾಕ್ಟರು ಹೇಳಿದರು. ಹೆಂಗಸರ ಸೊಂಟ 80 ಸೆಂ.ಮೀ. ಒಳಗಿರಬೇಕಂತೆ, ನನ್ನದು 94 ಇತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 6.1 ಬಂತು. 6.5 ಮುಟ್ಟಿದರೆ ಅದು ಸಕ್ಕರೆ ಕಾಯಿಲೆ. ನಾನು ಹೊಸ್ತಿಲ ಮೇಲೆ ನಿಂತಿದ್ದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಸುಮಾರು 10 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ, 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿ ಎಂಬ ಲೆಕ್ಕ ಬಂದಿತ್ತು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಮಡಿಸಿಟ್ಟಿದ್ದೆ. ನನ್ನ ಹೆಸರೂ ಅದರೊಳಗಿದೆ ಎಂದು ಆಗ ಹೊಳೆದಿರಲಿಲ್ಲ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಸಿಹಿ ಪೂರಾ ಬಂದ್. ಡಬ್ಬಿ ಖಾಲಿ ಮಾಡಿ ಕೆಲಸಕ್ಕೆ ಬರುವಾಕೆಯ ಮಕ್ಕಳಿಗೆ ಕೊಟ್ಟೆ. ಹನ್ನೊಂದು ದಿನ ನಡೆಯಿತು. ಹನ್ನೆರಡನೆಯ ದಿನ ಪಕ್ಕದ ಮನೆಯಿಂದ ಗೃಹಪ್ರವೇಶದ ಲಾಡು ಬಂತು. ಅರ್ಧ ಮುರಿದು ಬಾಯಿಗೆ ಹಾಕಿಕೊಂಡೆ. ಹೇಗೂ ವ್ರತ ಕೆಟ್ಟಿತು ಅನ್ನಿಸಿದ್ದೇ ತಡ, ನಿಂತಲ್ಲೇ ನಾಲ್ಕು ಲಾಡು ಮುಗಿಸಿದೆ. ಆ ರಾತ್ರಿ ನಿದ್ದೆ ಬರಲಿಲ್ಲ, ಅಳು ಬಂತು. ಈ ‘ಹೇಗೂ ಕೆಟ್ಟಿತು’ ಎಂಬ ಮನಸ್ಸಿನ ಜಾರುವಿಕೆಯನ್ನು ಟೊರಾಂಟೊ ವಿಶ್ವವಿದ್ಯಾಲಯದ ಜಾನೆಟ್ ಪೊಲಿವಿ ಮತ್ತು ಪೀಟರ್ ಹರ್ಮನ್ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಸದಾ ಪಥ್ಯದಲ್ಲಿರುವವರಿಗೆ ಮೊದಲೇ ಒಂದು ಲೋಟ ಮಿಲ್ಕ್‌ಶೇಕ್ ಕುಡಿಸಿದರೆ, ಅವರು ಆಮೇಲೆ ಕಡಿಮೆ ತಿನ್ನುವುದಿಲ್ಲ, ಇನ್ನೂ ಹೆಚ್ಚು ತಿನ್ನುತ್ತಾರೆ. ಪಥ್ಯವಿಲ್ಲದವರು ಹಾಗೆ ಮಾಡುವುದಿಲ್ಲ. ಇದನ್ನು ಓದಿದ ಮೇಲೆ ನನ್ನ ಮೇಲೆ ನನಗಿದ್ದ ಸಿಟ್ಟು ಎಷ್ಟೋ ಇಳಿಯಿತು. ತೂಕ ಇಳಿಸಲು ಹೊರಟವರು ಮೊದಲು ಇಳಿಸಬೇಕಾದ ಭಾರ ಆ ಸಿಟ್ಟೇ ಎಂದು ಈಗಲೂ ನಂಬಿದ್ದೇನೆ.

ಹಾಗಾದರೆ ತುಂಬಿದ ಹೊಟ್ಟೆಯ ಮೇಲೂ ಸಿಹಿ ಏಕೆ ಬೇಕಾಗುತ್ತದೆ? ಮುದ್ದೆ ಇನ್ನೊಂದು ತುತ್ತು ಬೇಡ, ಸಾರು ಬೇಡ, ಅನ್ನವೂ ಬೇಡ, ಆದರೆ ಹೋಳಿಗೆ ಕಂಡರೆ ಜಾಗವಾಗುತ್ತದೆ. ಇದಕ್ಕೆ ಕಾರಣವಿದೆ. ಒಂದೇ ರುಚಿ ಉಂಡುಂಡು ಸಾಕಾಗುವುದು ಆ ರುಚಿಗೆ ಮಾತ್ರ, ಬೇರೆ ರುಚಿಗೆ ನಾಲಿಗೆ ಹೊಸದಾಗಿಯೇ ಇರುತ್ತದೆ. ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಮೊನ್ನೆ ಮೊನ್ನೆ, 2025ರಲ್ಲಿ, ಜರ್ಮನಿಯ ಕಲೋನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಇನ್ನೂ ಒಳಕ್ಕೆ ಹೋದರು. ಇಲಿಗಳ ಮೆದುಳಿನಲ್ಲಿ ‘ಹೊಟ್ಟೆ ತುಂಬಿತು, ಸಾಕು’ ಎಂದು ಹೇಳುವ ನರಕೋಶಗಳೇ, ಸಕ್ಕರೆ ಕಂಡೊಡನೆ ಬೀಟಾ ಎಂಡಾರ್ಫಿನ್ ಎಂಬ ಹಿತದ ರಾಸಾಯನಿಕವನ್ನೂ ಬಿಡುತ್ತವೆ ಎಂದು ಕಂಡರು. ಸಾಕು ಎನ್ನುವ ಬಾಯೇ ಇನ್ನೊಂದು ಚೂರು ಎನ್ನುತ್ತದೆ. ಕಾಡಿನಲ್ಲಿ ಜೇನು, ಹಣ್ಣು ಅಪರೂಪಕ್ಕೆ ಸಿಗುತ್ತಿದ್ದ ಕಾಲಕ್ಕೆ ಇದು ಬದುಕಿಸುವ ಬುದ್ಧಿಯೇ ಆಗಿತ್ತು. ಸಿಕ್ಕಾಗ ತಿಂದು ಕೂಡಿಟ್ಟುಕೊಂಡವನು ಉಳಿದ. ಈಗ ಫೋನ್ ಒತ್ತಿದರೆ ಹತ್ತು ನಿಮಿಷಕ್ಕೆ ಜಾಮೂನು ಬಾಗಿಲಿಗೆ ಬರುತ್ತದೆ, ಮೆದುಳು ಮಾತ್ರ ಹಳೆಯದೇ.

ಇನ್ನೊಂದು ಸಂಗತಿ ಗಡಿಯಾರದ್ದು. ಅಮೆರಿಕದಲ್ಲಿ ಫ್ರಾಂಕ್ ಶೀರ್ ಮತ್ತು ಜೊತೆಗಾರರು 12 ಮಂದಿಯನ್ನು ಹೊರಗಿನ ಬೆಳಕು ಕಾಣದ ಕೋಣೆಗಳಲ್ಲಿ ಇಟ್ಟು, ಊಟ ನಿದ್ದೆಗಳ ಹೊತ್ತನ್ನು ಬದಲಿಸುತ್ತ ಹೋದರು. 2013ರಲ್ಲಿ ಅವರು ಬರೆದ ಪ್ರಕಾರ, ಏನು ತಿಂದಿದ್ದರೂ ಎಷ್ಟು ತಿಂದಿದ್ದರೂ ದೇಹದೊಳಗಿನ ಗಡಿಯಾರ ಬೆಳಗಿನ ಎಂಟರ ಸುಮಾರಿಗೆ ಹಸಿವನ್ನು ತೀರ ಕೆಳಗಿಳಿಸುತ್ತದೆ, ರಾತ್ರಿ ಎಂಟರ ಸುಮಾರಿಗೆ ತುದಿಗೇರಿಸುತ್ತದೆ. ಸಿಹಿ, ಉಪ್ಪು, ಹಿಟ್ಟಿನ ತಿನಿಸುಗಳ ಆಸೆಯೂ ಅದರ ಜೊತೆಗೇ ಏರುತ್ತದೆ. ಧಾರಾವಾಹಿ ನೋಡುತ್ತ ಕೂರುವ ಹೊತ್ತೂ ಅದೇ, ಮಕ್ಕಳ ಓದು, ಆಫೀಸಿನ ಸಿಟ್ಟು, ನಾಳೆಯ ಡಬ್ಬಿಯ ಚಿಂತೆ ಎಲ್ಲ ಬಂದು ಕೂರುವ ಹೊತ್ತೂ ಅದೇ.

ಇಷ್ಟು ತಿಳಿದ ಮೇಲೂ ನನ್ನ ಕೈ ಡಬ್ಬಿಗೆ ಹೋಗುವುದು ನಿಲ್ಲಲಿಲ್ಲ. ದಾರಿ ತೋರಿಸಿದ್ದು ಅವ್ವ.

ನಮ್ಮದು ಮಂಡ್ಯದ ಕಡೆಯ ಹಳ್ಳಿ. ಕೃಷ್ಣರಾಜಸಾಗರದ ನಾಲೆ ನೀರು ಬಂದ ಮೇಲೆ ಕಬ್ಬು ಬಂತು, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ಕಾರ್ಖಾನೆಗೆ ಹೋಗದ ಕಬ್ಬು ಆಲೆಮನೆಗೆ. ನಾನು ಹುಟ್ಟಿದ್ದೇ ಸಿಹಿಯ ನಡುವೆ. ಗಾಣಕ್ಕೆ ಕೊಟ್ಟ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು, ನೊರೆಯೆದ್ದು, ಗಟ್ಟಿಯಾಗಿ ಅಚ್ಚಿಗೆ ಇಳಿಯುವವರೆಗೆ ಮಕ್ಕಳು ಕಾದು ನಿಂತಿರುತ್ತಿದ್ದೆವು. ಜಲ್ಲೆ ಸಿಗಿದು ತಿನ್ನುತ್ತಿದ್ದೆವು. ಒಂದು ಜಲ್ಲೆ ಮುಗಿಯುವಷ್ಟರಲ್ಲಿ ದವಡೆ ಸೋತುಹೋಗುತ್ತಿತ್ತು, ಎರಡನೆಯದನ್ನು ಯಾರೂ ಕೇಳುತ್ತಿರಲಿಲ್ಲ. ಇಷ್ಟೆಲ್ಲ ಸಿಹಿಯ ನಡುವೆ ನಮ್ಮ ಕೇರಿಯಲ್ಲಿ ದಪ್ಪಗಿದ್ದವರು ಬೆರಳೆಣಿಕೆಯಷ್ಟು. ದುಡಿಮೆ ಅದಕ್ಕೆ ಮುಖ್ಯ ಕಾರಣ, ಅನುಮಾನವಿಲ್ಲ. ಆದರೆ ಸಿಹಿ ತಿನ್ನುತ್ತಿದ್ದ ಹೊತ್ತೂ ಒಂದು ಕಾರಣವಿರಬೇಕು. ರಾತ್ರಿ ಮುದ್ದೆ, ಉಪ್ಸಾರು, ಕಡೆಗೆ ಮಜ್ಜಿಗೆ. ಅಷ್ಟಾದರೆ ಊಟ ಮುಗಿಯಿತು. ಊಟವಾದ ಮೇಲೆ ಸಿಹಿ ಎಂಬುದು ನಮ್ಮ ಮನೆಯಲ್ಲಿ ಇರಲೇ ಇಲ್ಲ.

ಹೋದ ವರ್ಷದ ಯುಗಾದಿಗೆ ಊರಿಗೆ ಹೋಗಿದ್ದಾಗ ಇಪ್ಪತ್ತು ಮಂದಿ ಸಾಲಾಗಿ ಎಲೆ ಮುಂದೆ ಕೂತಿದ್ದೆವು. ಒಬ್ಬಟ್ಟನ್ನು ನಾನು ಎಲೆಯ ಮೂಲೆಗೆ ಸರಿಸಿ, ಕಡೆಗೆ ತಿನ್ನೋಣವೆಂದು ಉಳಿಸಿಕೊಂಡೆ. ಅವ್ವ ನೋಡಿದಳು.

“ಅದನ್ಯಾಕವ್ವ ಅಂಗೆ ಮಡಗಿದ್ದೀಯ? ಸೀನ ಮೊದ್ಲು ತಿನ್ನು. ಹೊಟ್ಟೆ ತುಂಬಿದ ಮ್ಯಾಲೆ ತಿಂದ್ರೆ ಭಾರ ಕಣವ್ವ. ಹಸಿವಲ್ಲಿ ತಿಂದ್ರೆ ಒಂದಕ್ಕೇ ಸಾಕಾಯ್ತದೆ.”

ನೂರು ಮದುವೆ ಊಟ ಉಂಡಿದ್ದೇನೆ, ಇದು ನನ್ನ ಗಮನಕ್ಕೆ ಬಂದಿರಲಿಲ್ಲ. ನಮ್ಮ ಎಲೆಯಲ್ಲಿ ಸಿಹಿಯ ಜಾಗ ಕೊನೆಯಲ್ಲಿಲ್ಲ. ಉಪ್ಪು, ಕೋಸಂಬರಿ, ಪಲ್ಯಗಳ ಜೊತೆಗೇ ಎಲೆ ತುದಿಗೆ ಒಂದು ಚಮಚ ಪಾಯಸ ಬೀಳುತ್ತದೆ, ಊಟ ಶುರುವಾಗುವುದೇ ಅದನ್ನು ಬಾಯಿಗಿಟ್ಟು. ದೊಡ್ಡ ಸಿಹಿ ಬಂದರೂ ಸಾರು ಹುಳಿಗಳ ನಡುವೆ ಬಂದು ಹೋಗುತ್ತದೆ. ಮುಗಿಸುವುದು ಮಜ್ಜಿಗೆ ಅನ್ನ, ಬಳಿಕ ಎಲೆ ಅಡಿಕೆ. ಹುಳಿಯಿಂದ ಒಗರಿಗೆ, ಒಗರಿನಿಂದ ಖಾರಕ್ಕೆ ಹೋಗಿ ಬಾಯಿ ಚೊಕ್ಕಟವಾಗುತ್ತದೆ. ಊಟದ ಮೊದಲಿಗೆ ಸಿಹಿ, ನಡುವೆ ಹುಳಿ ಮತ್ತು ಉಪ್ಪು, ಆಮೇಲೆ ಉಳಿದ ರಸಗಳು ಎಂಬ ಕ್ರಮ ಸುಶ್ರುತ ಸಂಹಿತೆಯಲ್ಲೇ ಇದೆ. ನಾವು ಆ ಕ್ರಮವನ್ನು ಯಾವಾಗ ತಲೆಕೆಳಗು ಮಾಡಿದೆವು? ಮದುವೆ ಛತ್ರದ ಊಟದ ಮನೆಯ ಬಾಗಿಲಲ್ಲೇ ಈಗ ಐಸ್‌ಕ್ರೀಮ್ ಕಪ್ಪು, ಪಕ್ಕದಲ್ಲಿ ಗುಲ್ಕಂದು ತುಂಬಿದ ಸಿಹಿ ಬೀಡಾ. ಹೋಟೆಲಿನ ಮೆನು ಕಾರ್ಡಿನ ಕೊನೆಯ ಪುಟ ಸಿಹಿಯದು. ಹಾಗೆ ಕೊನೆಯ ಸಿಹಿ ನಿಧಾನವಾಗಿ ಮನೆಯೊಳಕ್ಕೆ ಬಂದು, ದಿನದ ಕೆಲಸ ಮುಗಿಯಿತು ಎನ್ನುವುದಕ್ಕೆ ಗುರುತಾಗಿ ಕೂತಿದೆ. ನನ್ನ ಮಟ್ಟಿಗಂತೂ ಅದು ಹಸಿವಾಗಿರಲಿಲ್ಲ. ‘ಇವತ್ತಿನದು ಆಯಿತು, ಇನ್ನು ನನ್ನ ಹೊತ್ತು’ ಎಂದು ನನಗೆ ನಾನೇ ಕೊಟ್ಟುಕೊಳ್ಳುತ್ತಿದ್ದ ಕೂಲಿ ಅದು.

ಅಂದಿನಿಂದ ಸಿಹಿ ಬಿಡುವ ಮಾತು ಬಿಟ್ಟೆ, ಅದಕ್ಕೆ ಜಾಗ ಬದಲಿಸಿದೆ. ತಿನ್ನುವುದಾದರೆ ಮಧ್ಯಾಹ್ನ, ತಟ್ಟೆಯಲ್ಲಿಟ್ಟುಕೊಂಡು, ಕೂತು, ಊಟದ ಒಳಗೆ. ವಾರಕ್ಕೆ ಎರಡು ಸಲ. ಇಲ್ಲಿ ಎಲೆಯ ಕ್ರಮಕ್ಕೂ ಇಂದಿನ ವಿಜ್ಞಾನಕ್ಕೂ ಒಂದು ಸಣ್ಣ ತಕರಾರಿದೆ. ಖಾಲಿ ಹೊಟ್ಟೆಗೆ ಬಿದ್ದ ಸಕ್ಕರೆ ಬೇಗ ರಕ್ತಕ್ಕೇರುತ್ತದೆ. ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು 2015ರಲ್ಲಿ ತೋರಿಸಿದಂತೆ, ತರಕಾರಿ ಮತ್ತು ಪ್ರೋಟೀನನ್ನು ಮೊದಲು ತಿಂದು ಹಿಟ್ಟಿನ ಪದಾರ್ಥವನ್ನು ಆಮೇಲೆ ತಿಂದರೆ, ಸಕ್ಕರೆ ಕಾಯಿಲೆಯವರಲ್ಲೂ ಊಟದ ನಂತರದ ಸಕ್ಕರೆ ಅಷ್ಟಾಗಿ ಏರುವುದಿಲ್ಲ. ಅದಕ್ಕೇ ನಾನು ಕೋಸಂಬರಿ ಪಲ್ಯ ಪೂರಾ ತಿಂದು, ಸಿಹಿ ಮುಟ್ಟಿ, ಆಮೇಲೆ ಅನ್ನಕ್ಕೆ ಹೋಗುತ್ತೇನೆ. ಎಲೆಯಲ್ಲಿ ಮೊದಲು ಬೀಳುತ್ತಿದ್ದದ್ದು ಒಂದು ಚಮಚ ಪಾಯಸ ಮಾತ್ರ ಎಂಬುದನ್ನೂ ಮರೆಯಬಾರದು. ಈಗಿನ ಬಟ್ಟಲು ಆಗಿನ ಚಮಚವಲ್ಲ. ತುಪ್ಪಕ್ಕೆ ಗ್ರಾಂ ಒಂದಕ್ಕೆ 9 ಕಿಲೋಕ್ಯಾಲೊರಿ, ಸಕ್ಕರೆಗೆ 4. ಎರಡೂ ಸಮೃದ್ಧಿಯಾಗಿ ಸೇರಿದ 40 ಗ್ರಾಂ ತೂಕದ ಮೈಸೂರು ಪಾಕಿನ ತುಂಡು 200ರ ಆಸುಪಾಸಿನದು. ದಿನಾ ರಾತ್ರಿ ಅಂಥದ್ದೊಂದು ಹೆಚ್ಚಾದರೆ ತಿಂಗಳಿಗೆ 6,000. ಮುಕ್ಕಾಲು ಕಿಲೋ ಮೈಕೊಬ್ಬಿನಲ್ಲಿರುವ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ.

ಜಾಗ ಬದಲಿಸಿದ್ದು ಅರ್ಧ ಕೆಲಸ. ಇನ್ನರ್ಧ ನನ್ನ ಹಗಲಿನಲ್ಲಿತ್ತು. ನಾಲ್ಕು ದಿನ ಕೂತು ಬರೆದು ನೋಡಿದೆ. ಬೆಳಗ್ಗೆ ಎಂಟಕ್ಕೆ ಎರಡು ಇಡ್ಲಿ. ಮಧ್ಯಾಹ್ನ ಒಂದಕ್ಕೆ ಎರಡು ಚಪಾತಿ, ಆಲೂಗೆಡ್ಡೆ ಪಲ್ಯ. ಅಲ್ಲಿಂದ ರಾತ್ರಿ ಒಂಬತ್ತರವರೆಗೆ ಕಾಫಿ ಬಿಟ್ಟರೆ ಏನೂ ಇಲ್ಲ. ಕಡಿಮೆ ತಿನ್ನುತ್ತಿದ್ದೇನೆ ಎಂಬ ಹೆಮ್ಮೆ ಬೇರೆ. ಎಂಟು ಗಂಟೆಯ ಆ ಬರಿಹೊಟ್ಟೆಯೇ ರಾತ್ರಿ ಬಡ್ಡಿ ಸಮೇತ ವಸೂಲಿಗೆ ಬರುತ್ತಿತ್ತು. ಪ್ರೋಟೀನ್ ಎನ್ನಿಸಿಕೊಳ್ಳುವುದು ಇಡೀ ದಿನದಲ್ಲಿ ಇಡ್ಲಿಯ ಉದ್ದು, ಸಾರಿನ ತಿಳಿಯಲ್ಲಿ ತೇಲುವ ನಾಲ್ಕು ಬೇಳೆ. ನಾನೊಬ್ಬಳೇ ಅಲ್ಲ. ಭಾರತೀಯರ ಊಟದ ಶಕ್ತಿಯಲ್ಲಿ ಶೇ 62ರಷ್ಟು ಹಿಟ್ಟು ಸಕ್ಕರೆಗಳಿಂದಲೇ ಬರುತ್ತದೆ, ಪ್ರೋಟೀನಿನ ಪಾಲು ಶೇ 12ರಷ್ಟು ಎಂದು ಅದೇ ವೈದ್ಯಕೀಯ ಮಂಡಳಿಯ ಸಮೀಕ್ಷೆ ಹೇಳುತ್ತದೆ.

ಈಗ ಸಂಜೆ ನಾಲ್ಕೂವರೆಗೆ ಒಂದು ಬಟ್ಟಲು ಉಸ್ಲಿ. ಹೆಸರುಕಾಳು, ಕಡಲೆಕಾಳು, ಹುರುಳಿ, ಕಾಲಕ್ಕೆ ತಕ್ಕಂತೆ ಅವರೆಕಾಳು. ಒಗ್ಗರಣೆ, ಕಾಯಿತುರಿ, ನಿಂಬೆಹುಳಿ. ರಾತ್ರಿ ಊಟ ಎಂಟಕ್ಕೆ ಹಿಂದೆ ಸರಿಯಿತು. ತಟ್ಟೆಯಲ್ಲಿ ಚಿಕ್ಕ ಮುದ್ದೆ, ಅದರ ಎರಡರಷ್ಟು ಸೊಪ್ಪು ಕಾಳಿನ ಮಸ್ಸೊಪ್ಪು, ಇಲ್ಲವೇ ಎರಡು ಮೊಟ್ಟೆ, ಕೊನೆಗೆ ಮಜ್ಜಿಗೆ. ಬೇರೆ ಏನೇ ಮಾಡುವ ಮೊದಲು ಇದೊಂದನ್ನು ಮಾಡಿ ನೋಡಿ ಎಂದು ಗೆಳತಿಯರಿಗೆಲ್ಲ ಕೈಮುಗಿದು ಹೇಳುತ್ತೇನೆ. ಎರಡೇ ವಾರದಲ್ಲಿ ರಾತ್ರಿಯ ಆ ಎಳೆತ ಅರ್ಧಕ್ಕಿಳಿಯಿತು.

ಕಾಫಿಯ ಲೆಕ್ಕ ನನ್ನನ್ನು ಬೆಚ್ಚಿಬೀಳಿಸಿತು. ದಿನಕ್ಕೆ ಮೂರು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ 4ರಿಂದ 5 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳುವ ದಿನದ ಮಿತಿ ಸುಮಾರು 25 ಗ್ರಾಂ. ಸಂಜೆ ಐದಕ್ಕೇ ನನ್ನ ಪಾಲು ಮುಗಿದಿರುತ್ತಿತ್ತು, ಅದನ್ನು ಸಿಹಿಯೆಂದು ನಾನು ಎಣಿಸಿಯೂ ಇರಲಿಲ್ಲ. ಒಮ್ಮೆಗೇ ಬಿಡಲಿಲ್ಲ. ಎರಡು ವಾರಕ್ಕೆ ಕಾಲು ಚಮಚದಂತೆ ಇಳಿಸುತ್ತ ಬಂದೆ. ಈಗ ಅರ್ಧ ಚಮಚ ಸಾಕು. ಹಳೆಯ ಅಳತೆಯ ಕಾಫಿ ಯಾರ ಮನೆಯಲ್ಲಾದರೂ ಕೊಟ್ಟರೆ ಪಾಯಸ ಕುಡಿದಂತಾಗುತ್ತದೆ. ನಾಲಿಗೆ ಕಲಿಯುತ್ತದೆ, ನಿಧಾನವಾಗಿ.

ನಡುವೆ ಮಾಡಿದ ತಪ್ಪುಗಳನ್ನೂ ಹೇಳಬೇಕು, ಏಕೆಂದರೆ ಅದೇ ತಪ್ಪನ್ನು ಅನೇಕರು ಒಳ್ಳೆಯದೆಂದು ನಂಬಿ ಮಾಡುತ್ತಿದ್ದಾರೆ. ಸಕ್ಕರೆ ಬಿಟ್ಟು ಬೆಲ್ಲ ಹಿಡಿದೆ. ಬೆಲ್ಲದ ನಾಡಿನವಳಾಗಿ ಹೇಳಲು ಕಷ್ಟವಾಗುತ್ತದೆ, ಆದರೂ ನಿಜ: ಬೆಲ್ಲದ ಬಹುಪಾಲು ಸಕ್ಕರೆಯೇ. ಸ್ವಲ್ಪ ಖನಿಜಾಂಶ, ಒಳ್ಳೆಯ ಪರಿಮಳ ಹೆಚ್ಚಿಗೆ ಇದೆ, ತೂಕದ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಜೇನುತುಪ್ಪವೂ ಹಾಗೆಯೇ. ಖರ್ಜೂರದಲ್ಲಿ ನಾರಿದೆ, ಒಂದೆರಡು ತಿಂದರೆ ಸರಿ. ಆದರೆ ಖರ್ಜೂರ, ಗೋಡಂಬಿ, ತುಪ್ಪ ಸೇರಿಸಿ ಕಟ್ಟಿದ ‘ಸಕ್ಕರೆ ಹಾಕದ’ ಉಂಡೆಯನ್ನು ಪಥ್ಯವೆಂದು ಮೂರು ಮೂರು ತಿಂದ ದಿನಗಳಿವೆ. ಸಿಹಿಗುಳಿಗೆಯ ಮೊರೆಯೂ ಹೋದೆ. ತೂಕ ಇಳಿಸುವ ಉಪಾಯವಾಗಿ ಸಕ್ಕರೆಯಲ್ಲದ ಸಿಹಿಕಾರಕಗಳನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ, ಅವರು ಡಾಕ್ಟರನ್ನು ಕೇಳಬೇಕು. ನನಗೆ ಕಂಡದ್ದಿಷ್ಟು: ಗುಳಿಗೆ ಹಾಕಿಕೊಂಡಷ್ಟು ದಿನ ನಾಲಿಗೆಗೆ ಆ ಗಾಢ ಸಿಹಿಯ ಅಭ್ಯಾಸ ಹೋಗಲೇ ಇಲ್ಲ.

ಇಷ್ಟರ ಮೇಲೂ ಎಳೆತ ಬರುವ ರಾತ್ರಿಗಳಿವೆ. ಮುಟ್ಟಿನ ಮುಂಚಿನ ದಿನಗಳು, ಯಾರದೋ ಮಾತು ಮನಸ್ಸಿಗೆ ನಾಟಿದ ದಿನಗಳು. ಆಗ ಅಡುಗೆಮನೆ ಬಿಟ್ಟು ಹೊರಗೆ ಹೋಗುತ್ತೇನೆ. ಬೀದಿಯಲ್ಲಿ ಆ ಕೊನೆಯಿಂದ ಈ ಕೊನೆಗೆ ಹದಿನೈದು ನಿಮಿಷ. ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದಲ್ಲಿ ಮೂರು ದಿನ ಚಾಕೊಲೇಟ್ ಬಿಟ್ಟಿದ್ದವರನ್ನು ಅಷ್ಟೇ ಹೊತ್ತು ಬಿರುಸಾಗಿ ನಡೆಸಿದಾಗ ಅವರ ಆಸೆ ಇಳಿದದ್ದು ಕಂಡಿತ್ತು. ರಾತ್ರಿ ಊಟದ ನಂತರದ ನಡಿಗೆ ಸಕ್ಕರೆಯ ಏರಿಕೆಯನ್ನೂ ತಗ್ಗಿಸುತ್ತದೆ. ಈಗ ನನ್ನ ಜೊತೆ ಎದುರುಮನೆಯ ಆಂಟಿಯೂ ಬರುತ್ತಾರೆ. ದಿನ ಮುಗಿದ ಗುರುತಿಗೆ ಏನಾದರೊಂದು ಬೇಕಲ್ಲ, ಆ ಹದಿನೈದು ನಿಮಿಷದ ಮಾತೇ ಗುರುತಾಗಿದೆ. ಬಂದು ಹಲ್ಲುಜ್ಜಿದರೆ ಅಡುಗೆಮನೆಗೆ ಆ ದಿನದ ಮಟ್ಟಿಗೆ ಬಾಗಿಲು ಹಾಕಿದಂತೆ. ಕೆಲವೊಮ್ಮೆ ಸೋಂಪು ಅಗಿಯುತ್ತೇನೆ, ಸಕ್ಕರೆ ಲೇಪಿಸದ ಬರಿಯ ಸೋಂಪು.

ಮಧುನಾಶಿನಿ ಎಂಬ ಬಳ್ಳಿಯ ಹೆಸರನ್ನು ಕೇಳಿರಬಹುದು. ಅದರ ಎಲೆ ಅಗಿದು ಆಮೇಲೆ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ತಿಂದಂತಾಗುತ್ತದೆ. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿಯ ಗ್ರಾಹಕಗಳನ್ನು ಸ್ವಲ್ಪ ಹೊತ್ತು ಮುಚ್ಚಿಬಿಡುತ್ತವೆ. ನಾನೂ ಅಗಿದು ನೋಡಿದ್ದೇನೆ, ಬೆರಗಾಗುತ್ತದೆ. ಆದರೆ ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಇದರ ಪುಡಿ, ಮಾತ್ರೆಗಳನ್ನು ತಾವಾಗಿಯೇ ಶುರುಮಾಡಬಾರದು. ಸಕ್ಕರೆ ತೀರ ಇಳಿದುಹೋಗಬಹುದು.

ನಿದ್ದೆಯ ವಿಷಯ ನಾನು ಕಡೆಗಣಿಸಿದ್ದೆ. ಷಿಕಾಗೋ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರೋಗ್ಯವಂತ ಯುವಕರು ಬರೀ ಎರಡು ರಾತ್ರಿ ನಾಲ್ಕು ನಾಲ್ಕು ಗಂಟೆ ಮಲಗಿದ್ದಕ್ಕೆ, ಹಸಿವು ಕೆರಳಿಸುವ ಗ್ರೆಲಿನ್ ಹಾರ್ಮೋನು ಶೇ 28ರಷ್ಟು ಏರಿತ್ತು, ತೃಪ್ತಿ ಹೇಳುವ ಲೆಪ್ಟಿನ್ ಶೇ 18ರಷ್ಟು ಇಳಿದಿತ್ತು. ಆಸೆ ಹೆಚ್ಚು ಹೊರಳಿದ್ದು ಸಿಹಿ ಮತ್ತು ಹಿಟ್ಟಿನ ತಿನಿಸುಗಳ ಕಡೆಗೇ. ಹನ್ನೆರಡರವರೆಗೆ ಫೋನ್ ನೋಡುತ್ತ ಕೂತ ರಾತ್ರಿಗಳೂ ಡಬ್ಬಿ ತೆರೆದ ರಾತ್ರಿಗಳೂ ಬಹುಪಾಲು ಒಂದೇ ಎಂದು ತಿಂದದ್ದನ್ನು ಬರೆದಿಡುವ ನನ್ನ ನೋಟ್‌ಪುಸ್ತಕವೇ ಹೇಳುತ್ತದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ರಾತ್ರಿ ಇದ್ದಕ್ಕಿದ್ದಂತೆ ಸಿಹಿ ಬೇಕೆನ್ನಿಸಿ, ಬೆವರು, ಕೈನಡುಕ, ಎದೆಬಡಿತ ಬಂದರೆ ಅದು ಚಪಲವಲ್ಲ, ರಕ್ತದ ಸಕ್ಕರೆ ಕುಸಿದಿರುವ ಸೂಚನೆ. ಆಗ ತಡೆಯಬಾರದು. ತಕ್ಷಣ ಮೂರು ಚಮಚ ಗ್ಲೂಕೋಸ್ ಅಥವಾ ಸಕ್ಕರೆಯನ್ನು ನೀರಲ್ಲಿ ಕಲಸಿ ಕುಡಿದು, ಆಮೇಲೆ ಡಾಕ್ಟರಿಗೆ ತಿಳಿಸಬೇಕು. ಗರ್ಭಿಣಿಯರು, ಬಾಣಂತಿಯರು ತಾವೇ ಪಥ್ಯ ಹಿಡಿಯಬಾರದು. ಇನ್ನು ಕೆಲವರು ನಡುರಾತ್ರಿ ಎದ್ದೆದ್ದು ತಿನ್ನುತ್ತಾರೆ, ಬೆಳಗ್ಗೆ ಏನೂ ಸೇರುವುದಿಲ್ಲ, ಮನಸ್ಸು ಕುಗ್ಗಿರುತ್ತದೆ. ಆಲ್ಬರ್ಟ್ ಸ್ಟಂಕರ್ಡ್ ಎಂಬ ಮನೋವೈದ್ಯರು 1955ರಷ್ಟು ಹಿಂದೆಯೇ ಇದನ್ನು ಒಂದು ಕಾಯಿಲೆಯಾಗಿ ಗುರುತಿಸಿದ್ದರು. ಇದಕ್ಕೆ ಚಿಕಿತ್ಸೆಯಿದೆ. ಮನೆಯವರು ‘ಬಾಯಿ ಕಟ್ಟೋಕಾಗಲ್ವಾ’ ಎಂದು ಹಂಗಿಸುವುದನ್ನು ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಹದಿನಾಲ್ಕು ತಿಂಗಳಲ್ಲಿ ನನ್ನ ತೂಕ 67ಕ್ಕೆ ಬಂದಿದೆ. ಎಚ್‌ಬಿಎ1ಸಿ 5.6. ಮಂಡಿನೋವು ಮೆಟ್ಟಿಲು ಇಳಿಯುವಾಗ ಮಾತ್ರ. ಇನ್ನೂ ಇಳಿಯಬೇಕಾದದ್ದಿದೆ, ಅವಸರವಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದಾಗ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಆಲೆಮನೆಗೆ ಹೋಗಿದ್ದೆವು. ಅಚ್ಚಿಗೆ ಸುರಿಯುವ ಮುಂಚಿನ ಬಿಸಿ ಬೆಲ್ಲವನ್ನು ಬಾಳೆಯೆಲೆಯ ಚೂರಿಗೆ ಹಾಕಿ, ಮೇಲೆ ಹಸಿ ಕೊಬ್ಬರಿ ಇಟ್ಟು ಕೊಟ್ಟರು. ಕಬ್ಬಿನ ರಾಶಿಯ ಮೇಲೆ ಕೂತು ನಿಧಾನವಾಗಿ ತಿಂದೆ, ಎಲೆ ನೆಕ್ಕಿದೆ. ರಾತ್ರಿ ಅವರೆಕಾಳಿನ ಸಾರು, ಮುದ್ದೆ, ಮಜ್ಜಿಗೆ. ಕೈತೊಳೆದು ಜಗಲಿಯ ಮೇಲೆ ಕೂತೆ. ಆಲೆಮನೆಯ ಹೊಗೆ ಇನ್ನೂ ಗಾಳಿಯಲ್ಲಿತ್ತು. ಅವ್ವ ಒಳಗಿನಿಂದ ಕೂಗಿದಳು.

“ಬೆಲ್ಲ ಮಿಕ್ಕೈತೆ, ತರ‍್ಲಾ?”

“ಬ್ಯಾಡ ಕಣವ್ವ, ಬೆಳಗ್ಗೆ ತಿಂದ್ನಲ್ಲ.”

“ಆಯ್ತು ಬುಡು. ನಾಳೆ ಮಧ್ಯಾಹ್ನದ ಊಟುಕ್ಕೆ ಎತ್ತಿ ಮಡಗ್ತೀನಿ.”

ಗೂಡಿನ ಮೇಲೆ ಡಬ್ಬಿ ಇಟ್ಟ ಸದ್ದು, ದೀಪ ಆರಿಸಿದ ಸದ್ದು. ಅವ್ವ ಕಂಬಳಿ ತಂದು ನನ್ನ ಪಕ್ಕದಲ್ಲಿ ಕೂತಳು.